ಬಿರುಕಿಗೆ ಇನ್ನು ಮುಂದೆ ಫೋನಿನಲ್ಲಿ ರೇಟು ಹೇಳುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ‘ಟೆರೇಸಲ್ಲಿ ಇಪ್ಪತ್ತಡಿ ಬಿರುಕು ಬಿಟ್ಟಿದೆ, ಅಡಿಗೆ ಎಷ್ಟು ತಗೋತೀರಿ?’ ಅಂತ ನೀವು ಫೋನ್ ಮಾಡುತ್ತಿದ್ದಿರಿ. ನಾವೂ ಅಲ್ಲೇ ಒಂದು ರೇಟು ಹೇಳುತ್ತಿದ್ದೆವು. ಈ ಯುಗಾದಿಯಿಂದ ಆ ಪದ್ಧತಿ ಇರುವುದಿಲ್ಲ. ಮೊದಲು ಬಂದು ನೋಡುತ್ತೇವೆ. ಕೆಲವು ಬಿರುಕುಗಳನ್ನು ಸ್ವಲ್ಪ ಕಾಲ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಆಮೇಲೆ ಏನು ಕೆಲಸ, ಎಷ್ಟು ಖರ್ಚು ಅಂತ ಬರೆದು ಕೊಡುತ್ತೇವೆ. ಇನ್ನೊಂದು ಬದಲಾವಣೆಯೂ ಇದೆ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಮಳೆಗೆ ತೆರೆದ ಜಾಗದಲ್ಲಿ ಬಿರುಕು ತುಂಬುವ ಕೆಲಸ ಒಪ್ಪಿಕೊಳ್ಳುವುದಿಲ್ಲ.

‘ಇದೇನು ಹೊಸ ರಗಳೆ’ ಅಂತ ಅನ್ನಿಸಬಹುದು. ಯಾಕೆ ಅಂತ ಬಿಡಿಸಿ ಹೇಳುತ್ತೇವೆ.

ಬಿರುಕಿನ ಉದ್ದ ನೋಡಿ ಖರ್ಚು ಹೇಳಲು ಬರುವುದಿಲ್ಲ. ಒಂದೇ ಇಪ್ಪತ್ತಡಿಯ ಎರಡು ಬಿರುಕು ತೆಗೆದುಕೊಳ್ಳಿ. ಒಂದು, ಮೋಲ್ಡ್ ಹಾಕಿದ ದಿನವೇ ಬಿಸಿಲು ಗಾಳಿಗೆ ಮೇಲ್ಪದರ ಬೇಗ ಒಣಗಿ ಬಿದ್ದದ್ದು. ಕೂದಲೆಳೆಯಷ್ಟು ಸಪೂರ ಇರುತ್ತದೆ, ವರ್ಷಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಮೇಲಿನಿಂದ ಒಳ್ಳೆಯ ಕೋಟಿಂಗ್ ಸಾಕು. ಕೆಲವೊಮ್ಮೆ ಅದೂ ಬೇಡ. ಇನ್ನೊಂದು, ಕೆಳಗಿನ ಸರಳಿನ ಗುಂಟ ನೇರವಾಗಿ ಹೋದದ್ದು, ಅಂಚಿನಲ್ಲಿ ಕಂದು ಕಲೆ ಇರುವಂಥದ್ದು. ಅದು ಒಳಗೆ ಕಬ್ಬಿಣ ತುಕ್ಕು ಹಿಡಿದ ಗುರುತು. ಇವೆರಡಕ್ಕೂ ಅಡಿಗೆ ಇಷ್ಟು ಅಂತ ಒಂದೇ ರೇಟು ಹೇಳಿದರೆ, ಮೊದಲನೆಯವರಿಗೆ ಜಾಸ್ತಿ ಬೀಳುತ್ತದೆ, ಎರಡನೆಯವರ ಮನೆಗೆ ಕೆಲಸ ಸಾಲುವುದಿಲ್ಲ.

ತುಕ್ಕಿನ ಬಿರುಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮಲೆನಾಡಿನ ಹಳೆಯ ಆರ್‌ಸಿಸಿ ಮನೆಗಳಲ್ಲಿ ನಮಗೆ ಹೆಚ್ಚು ಸಿಗುವುದು ಅದೇ. ಹೊಸ ಕಾಂಕ್ರೀಟಿನ ಒಳಗೆ ಕ್ಷಾರ ಗುಣ ಬಲವಾಗಿರುತ್ತದೆ, ಪಿಎಚ್ 12ರಿಂದ 13. ಅಲ್ಲಿ ಕಬ್ಬಿಣದ ಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ, ತುಕ್ಕು ಹತ್ತುವುದಿಲ್ಲ. ಆದರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ವರ್ಷ ಕಳೆದಂತೆ ಒಳಗೆ ಇಳಿದು ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದರೆ ಪದರ ಹೋಯಿತು. ಆಮೇಲೆ ನೀರು ಮುಟ್ಟಿದರೆ ಸಾಕು. ತುಕ್ಕು ತನ್ನ ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಹಿಡಿಯುತ್ತದೆ. ಕಾಂಕ್ರೀಟು ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದು ಪಾಲಿನಷ್ಟೇ ಅದರ ಎಳೆತದ ಶಕ್ತಿ. ಒಳಗಿನಿಂದ ತುಕ್ಕು ಉಬ್ಬಿದಾಗ ಅದು ಸೀಳದೆ ಇನ್ನೇನು ಮಾಡೀತು?

ನಮ್ಮ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಕಾಂಕ್ರೀಟು ಒಣಗಿರುವಾಗ ಗಾಳಿ ಸುಲಭವಾಗಿ ಒಳಗೆ ಹೋಗುತ್ತದೆ, ಕ್ಷಾರ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೆನೆದು ತುಕ್ಕು ಬೆಳೆಯುತ್ತದೆ. ಒಂದು ಕಾಲ ದಾರಿ ಮಾಡುತ್ತದೆ, ಇನ್ನೊಂದು ಕಾಲ ಕೆಲಸ ಮುಗಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಪೇಟೆಯ ಮನೆಗೆ ಸಾಕಾದ ದುರಸ್ತಿ ತೀರ್ಥಹಳ್ಳಿ, ಹೊಸನಗರದ ಕಡೆ ಸಾಲುವುದಿಲ್ಲ.

ಕಬ್ಬಿಣದ ಕೆಳಗೆ ಎಷ್ಟು ಕಾಂಕ್ರೀಟು ಇದೆ ಅನ್ನುವುದೂ ಮುಖ್ಯ. ಇದನ್ನು ಕವರ್ ಅನ್ನುತ್ತಾರೆ. ಭಾರತೀಯ ಮಾನದಂಡ ಐಎಸ್ 456 (2000ರ ಆವೃತ್ತಿ) ಪ್ರಕಾರ ಸೌಮ್ಯ ವಾತಾವರಣಕ್ಕೆ 20, ಮಧ್ಯಮಕ್ಕೆ 30, ತೀವ್ರಕ್ಕೆ 45 ಮಿಲಿಮೀಟರ್ ಇರಬೇಕು. ಕವರ್ ಬ್ಲಾಕ್ ಬದಲು ಕೈಗೆ ಸಿಕ್ಕಿದ ಜಲ್ಲಿ ಚೂರು ಇಟ್ಟು ಸರಳು ಕಟ್ಟಿದ್ದರೆ, ಮೋಲ್ಡ್ ದಿನ ಜನ ಓಡಾಡಿದಾಗ ಚೂರು ಜಾರಿ ಸರಳು ಸೆಂಟ್ರಿಂಗ್ ಹಲಗೆಗೇ ಕೂತುಬಿಡುತ್ತದೆ. ಸಜ್ಜ ಒಡೆದು ನೋಡಿದಾಗ ಬೆರಳ ದಪ್ಪವೂ ಕವರ್ ಇರುವುದಿಲ್ಲ. ಹೊರಗೆ ಪ್ಲಾಸ್ಟರ್ ಚೆನ್ನಾಗೇ ಇರುತ್ತದೆ. ಫೋಟೋದಲ್ಲಿ ಇದು ಕಾಣುವುದಿಲ್ಲ ಅಲ್ವಾ? ಅದಕ್ಕೇ ಸುತ್ತಿಗೆ ಹಿಡಿದು ಬಂದು ತಟ್ಟಿ ನೋಡಬೇಕು. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಟೊಳ್ಳು ಸದ್ದು ಮಾಡುತ್ತದೆ.

ಇಂಥ ಕಡೆ ಉದುರಿದ ಭಾಗಕ್ಕೆ ಮಾತ್ರ ಗಾರೆ ಮೆತ್ತಿದರೆ ಹಣ ದಂಡ. ತುಕ್ಕು ಹಿಡಿದ ಸರಳಿನ ಸುತ್ತ, ಹಿಂಬದಿಗೂ ಬೆರಳು ಹೋಗುವಷ್ಟು ಕಡಿದು ಬಿಡಿಸಬೇಕು. ಗಟ್ಟಿ ಕಾಂಕ್ರೀಟು, ಶುದ್ಧ ಕಬ್ಬಿಣ ಸಿಗುವವರೆಗೆ ಮುಂದೆ ಹೋಗಬೇಕು. ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿ ತೆಗೆದು ಜಿಂಕ್ ಪ್ರೈಮರ್ ಹಚ್ಚಬೇಕು. ಸರಳು ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸದು ಕಟ್ಟಬೇಕು. ಆಮೇಲೆ ಬಾಂಡಿಂಗ್ ಕೋಟ್, ಅದರ ಮೇಲೆ ಪಾಲಿಮರ್ ಗಾರೆ. ಲೇಟೆಕ್ಸ್ ಬಾಂಡಿಂಗ್ ಕೋಟ್ ಹಚ್ಚಿ ಊಟಕ್ಕೆ ಹೋಗಿ ಬರುವ ಹಾಗಿಲ್ಲ. ಅದು ಇನ್ನೂ ಅಂಟಂಟಾಗಿ ಇರುವಾಗಲೇ ಗಾರೆ ಬೀಳಬೇಕು. ಒಣಗಿಬಿಟ್ಟರೆ ಕೂಡಿಸುವ ಬದಲು ಅದೇ ಎರಡನ್ನೂ ಬೇರೆ ಮಾಡುತ್ತದೆ. ಅರ್ಧಂಬರ್ಧ ಕಡಿದು ಮುಚ್ಚಿದರೆ ಹೊಸ ತೇಪೆಯ ಅಂಚಿನಲ್ಲೇ, ಹಳೇ ಕಾಂಕ್ರೀಟಿನೊಳಗೆ, ತುಕ್ಕು ಇನ್ನೂ ಜೋರಾಗಿ ಶುರುವಾಗುತ್ತದೆ. ನಮ್ಮ ರೇಟು ಪಕ್ಕದ ಗಾರೆ ಮೇಸ್ತ್ರಿಯ ರೇಟಿಗಿಂತ ಜಾಸ್ತಿ ಕಾಣುವುದು ಈ ಕಡಿಯುವ ಕೆಲಸದಿಂದ, ಮೆತ್ತುವ ಕೆಲಸದಿಂದಲ್ಲ.

‘ಸ್ವಲ್ಪ ಸಿಮೆಂಟ್ ಹಾಲು ಬಿಟ್ಟರೆ ಆಗಲ್ವಾ?’ ಅಂತಲೂ ಕೇಳುತ್ತೀರಿ. ಸಿಮೆಂಟ್ ಹಾಲು ಒಣಗಿದಾಗ ಕುಗ್ಗುತ್ತದೆ. ಸಪೂರ ಬಿರುಕಿನ ಒಳಗೆ ಅದು ಇಳಿಯುವುದೂ ಇಲ್ಲ, ಬಾಯಲ್ಲೇ ಕೂತು ಒಂದು ಬೇಸಿಗೆಗೆ ಎದ್ದು ಬರುತ್ತದೆ. ಹೋಗಲಿ ಅಂದರೆ, ಆಮೇಲೆ ಎಪಾಕ್ಸಿ (ಬಿರುಕಿನೊಳಗೆ ಇಳಿದು ಗಟ್ಟಿಯಾಗುವ ಅಂಟು) ಹಾಕಬೇಕಾದಾಗ ಆ ಬಾಯಿ ಮುಚ್ಚಿರುತ್ತದೆ. ದಯವಿಟ್ಟು ನಾವು ನೋಡುವವರೆಗೆ ಏನನ್ನೂ ತುಂಬಬೇಡಿ.

ಇನ್ನು ಕಾದು ನೋಡುವ ವಿಷಯ. ಕೆಲವು ಬಿರುಕು ಸತ್ತಿರುತ್ತವೆ, ಕೆಲವು ಇನ್ನೂ ಅಲುಗುತ್ತಿರುತ್ತವೆ. ಬಿಸಿಲಿಗೆ ಕಾಂಕ್ರೀಟು ಹಿಗ್ಗುತ್ತದೆ. ಮೂವತ್ತಡಿ ಉದ್ದದ ತಾರಸಿ 20 ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ಇಂಥ ಜಾಗದಲ್ಲಿ ಗಟ್ಟಿಯಾದ ಎಪಾಕ್ಸಿ ತುಂಬಿದರೆ ಅದು ಜಗ್ಗುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಬಿರುಕು ಬೀಳುತ್ತದೆ. ಅಲ್ಲಿಗೆ ಪಾಲಿಯುರಿಥೇನ್ ಸೀಲೆಂಟಿನಂಥ ಜಗ್ಗುವ ವಸ್ತು ಬೇಕು. ಜಂಬಿಟ್ಟಿಗೆ ಗೋಡೆಯ ಹಳೇ ಮನೆಗೆ ಹೊಸ ಆರ್‌ಸಿಸಿ ಕೋಣೆ ಸೇರಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಎರಡೂ ಕೂಡುವ ಸಂದಿಯಲ್ಲಿ ಎಷ್ಟು ಸಲ ಗಾರೆ ಹಾಕಿದರೂ ಗೆರೆ ಮೂಡುತ್ತದೆ. ಎರಡೂ ಬೇರೆ ಬೇರೆ ಪಾಯದ ಮೇಲೆ, ಬೇರೆ ಬೇರೆ ರೀತಿ ಕೂರುತ್ತವೆ. ಆ ಗೆರೆಯನ್ನು ಮುಚ್ಚುವ ಹಟ ಬಿಟ್ಟು, ಅದನ್ನು ನೇರ ಸಂದಿಯಾಗಿ ಕತ್ತರಿಸಿ ಸೀಲೆಂಟ್ ತುಂಬುವುದೇ ಸರಿ ಅಂತ ನಮ್ಮ ಅಭಿಪ್ರಾಯ. ನೋಡಲು ಅಷ್ಟು ಚಂದ ಇರುವುದಿಲ್ಲ, ಆದರೆ ನೀರು ಬರುವುದಿಲ್ಲ.

ಅಲುಗುತ್ತಿದೆಯೋ ಇಲ್ಲವೋ ತಿಳಿಯಲು ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ಬರುತ್ತೇವೆ, ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕುತ್ತೇವೆ. ಗಾಜು ಒಡೆದರೆ ಬಿರುಕು ಜೀವಂತ ಇದೆ ಅಂತ ಲೆಕ್ಕ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಅಗಲವನ್ನೂ ಅಳೆಯುತ್ತೇವೆ. ಐಎಸ್ 456 ಸಾಮಾನ್ಯ ಜಾಗದಲ್ಲಿ 0.3 ಮಿಲಿಮೀಟರ್ ತನಕ ಒಪ್ಪುತ್ತದೆ, ಸದಾ ತೇವ ಇರುವಲ್ಲಿ 0.2. ಅಂದರೆ ಒಣ ಕೋಣೆಯ ಸೀಲಿಂಗ್‌ನಲ್ಲಿ ಸುಮ್ನೆ ಬಿಡಬಹುದಾದ ಬಿರುಕು ಸಂಪಿನ ಗೋಡೆಯಲ್ಲಿದ್ದರೆ ತುಂಬಲೇಬೇಕು.

ಮಳೆಗಾಲದ ಮಾತಿಗೆ ಬರೋಣ. ಸಾಮಾನ್ಯ ಎಪಾಕ್ಸಿ ಒದ್ದೆ ಮೈಗೆ ಹಿಡಿಯುವುದಿಲ್ಲ. ಒದ್ದೆ ತಾರಸಿಗೆ ವಾಟರ್‌ಪ್ರೂಫ್ ಕೋಟಿಂಗ್ ಹೊಡೆದರೆ ಮುಂದಿನ ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಗುಳ್ಳೆ ಏಳುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಮೇಲಿನ ಟಾರ್ಪಾಲು ನಂಬಿ ಕೆಲಸ ಮಾಡುವುದು ಬೇಡ ಅಂತ ತೀರ್ಮಾನಿಸಿದ್ದೇವೆ. ಸಂಪು, ನೆಲಮಾಳಿಗೆ ಇಂಥ ಕಡೆ ನೀರು ನುಗ್ಗುತ್ತಿದ್ದರೆ ಮಾತ್ರ ಬರುತ್ತೇವೆ. ಅಲ್ಲಿ ನೀರಿನ ಜೊತೆಗೇ ಸೇರಿ ಉಬ್ಬುವ ಪಾಲಿಯುರಿಥೇನ್ ಇಂಜೆಕ್ಷನ್ ಇದೆ.

ಆದರೆ ನೋಡಲು ಮಳೆಗಾಲವೇ ಒಳ್ಳೆಯದು. ಸೀಲಿಂಗ್‌ನಲ್ಲಿ ಹನಿ ಬೀಳುವ ಜಾಗ, ಮೇಲೆ ನೀರು ಒಳಗೆ ಇಳಿಯುವ ಜಾಗ ಒಂದೇ ಆಗಿರಬೇಕೆಂದಿಲ್ಲ. ನೀರು ಪ್ಯಾರಾಪೆಟ್ ಬುಡದಲ್ಲಿ ಇಳಿದು ಹತ್ತಡಿ ಆಚೆ ಅಡುಗೆಮನೆಯಲ್ಲಿ ತೊಟ್ಟಿಕ್ಕುವುದುಂಟು. ಬೇಸಿಗೆಯಲ್ಲಿ ಬಂದರೆ ಬರೀ ಕಲೆ ಕಾಣುತ್ತದೆ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ತಪಾಸಣೆ, ಡಿಸೆಂಬರ್ ಮೇಲೆ ತಾರಸಿ ಕೆಲಸ. ಒಮ್ಮೊಮ್ಮೆ ನೋಡಿ ಬಂದು ‘ನಮಗೆ ಕೊಡುವ ದುಡ್ಡಲ್ಲಿ ಮೇಲೊಂದು ಶೀಟು ಹಾಕಿಸಿಬಿಡಿ’ ಅಂತಲೂ ಹೇಳುತ್ತೇವೆ. ಘಟ್ಟದ ಅಂಚಿನ ಊರುಗಳಲ್ಲಿ ಸಮತಟ್ಟು ತಾರಸಿಗೆ ಅದೇ ಗಟ್ಟಿ ಪರಿಹಾರ.

ಅಡಿಕೆ ಅಂಗಳದ ಲೆಕ್ಕ ಬೇರೆ. ದೀಪಾವಳಿ ಆಸುಪಾಸಿನಿಂದ ಕೊಯ್ಲು ಮುಗಿಯುವವರೆಗೆ ನಿಮಗೆ ಅಂಗಳ ಖಾಲಿ ಇರುವುದಿಲ್ಲ. ಉಳಿಯುವುದು ಮಾರ್ಚ್‌ನಿಂದ ಮೇ ಮಾತ್ರ, ಅದರಲ್ಲೂ ಅಡ್ಡಮಳೆ ಬರುತ್ತದೆ. ಅಂಗಳದವರು ಕೊಯ್ಲು ನಡೆಯುವಾಗಲೇ ಹೇಳಿಟ್ಟರೆ ಅನುಕೂಲ. ಅಲ್ಲಿನ ಬಿರುಕು ಬಹುಪಾಲು ಸಂದಿ ಬಿಡದೆ ಒಂದೇ ಹಾಸಾಗಿ ಹಾಕಿದ್ದರಿಂದ ಬಂದದ್ದು. ನಾಲ್ಕಿಂಚಿನ ಹಾಸಿಗೆ ಎಂಟರಿಂದ ಹನ್ನೆರಡು ಅಡಿಗೊಂದು ಸಂದಿ ಬೇಕು, ದಪ್ಪದ ಕಾಲು ಭಾಗದಷ್ಟು ಆಳ. ಸಂದಿ ಕೊಡದಿದ್ದರೆ ಕಾಂಕ್ರೀಟು ತಾನೇ ತನಗೆ ಬೇಕಾದ ಕಡೆ ಸಂದಿ ಮಾಡಿಕೊಳ್ಳುತ್ತದೆ. ಅಂಥ ಬಿರುಕಿನಲ್ಲಿ ಚೊಗರು, ಮಣ್ಣು ಕೂತು ಅಡಿಕೆಗೆ ಬೂಸ್ಟು ಹಿಡಿಯುವ ಭಯ ಇದ್ದರೆ ಸೀಲೆಂಟ್ ತುಂಬೋಣ, ಇಲ್ಲದಿದ್ದರೆ ಬಿಟ್ಟುಬಿಡಿ. ಆದರೆ ಬಿರುಕಿನ ಒಂದು ಬದಿ ತಗ್ಗಿದ್ದರೆ ಕೆಳಗೆ ಟೊಳ್ಳಾಗಿದೆ ಅಂತ. ಹೆಗ್ಗಣ ಬಿಲ ತೋಡಿರಬಹುದು, ಮಳೆನೀರು ಮಣ್ಣು ಕೊಚ್ಚಿರಬಹುದು. ಅಲ್ಲಿ ಮೇಲೆ ಏನು ತುಂಬಿದರೂ ಪಿಕಪ್ ಗಾಡಿ ಹತ್ತಿದ ದಿನ ಒಡೆಯುತ್ತದೆ.

ಕೆಲವು ಕೆಲಸ ನಾವು ಮುಟ್ಟುವುದಿಲ್ಲ. ಬೀಮಿನಲ್ಲಿ ಕಂಬದ ಹತ್ತಿರ ಓರೆಯಾಗಿ ಹೋದ ಬಿರುಕು, ಕಂಬದಲ್ಲೇ ಬಿದ್ದ ಬಿರುಕು, ಇದ್ದಕ್ಕಿದ್ದ ಹಾಗೆ ಬಾಗಿಲು ಕೂರದಂತಾಗುವುದು ಇವೆಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಮೊದಲು ನೋಡಬೇಕಾದವು. ಅವರ ವರದಿ ಕೈಲಿದ್ದರೆ ಎಪಾಕ್ಸಿ ಇಂಜೆಕ್ಷನ್ ನಾವು ಮಾಡಿಕೊಡುತ್ತೇವೆ. ಧರೆ ಕಡಿದು ಮನೆ ಕಟ್ಟಿದವರು, ಹಿಂದಿನ ನೆಲದಲ್ಲಿ ಮನೆಗೆ ಸಮಾನಾಂತರವಾಗಿ ಸೀಳು ಕಂಡರೆ ನಮಗೆ ಫೋನ್ ಮಾಡುತ್ತಾ ಕೂರಬೇಡಿ. ಮೊದಲು ಮನೆ ಬಿಟ್ಟು ಹೊರಡಿ, ಗ್ರಾಮ ಪಂಚಾಯ್ತಿಗೆ ತಿಳಿಸಿ.

ತಪಾಸಣೆಗೆ ಶಿವಮೊಗ್ಗ ಪೇಟೆ ಮತ್ತು ಭದ್ರಾವತಿಯಲ್ಲಿ 400 ರೂಪಾಯಿ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ 800 ರೂಪಾಯಿ. ಕೆಲಸ ನಮಗೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ಬೇರೆಯವರಿಂದ ಮಾಡಿಸಿದರೂ ಬೇಜಾರಿಲ್ಲ, ನಾವು ಬರೆದುಕೊಟ್ಟ ಚೀಟಿ ಅವರಿಗೆ ತೋರಿಸಿ. ಈಗಾಗಲೇ ಮಾತಾಗಿರುವ ಕೆಲಸಗಳಿಗೆ ಹಳೇ ರೇಟೇ. ಸತ್ತ ಬಿರುಕಿನ ಕೆಲಸಕ್ಕೆ ಮೂರು ವರ್ಷದ ಗ್ಯಾರಂಟಿ ಇದೆ. ತುಕ್ಕಿನ ಕೆಲಸದಲ್ಲಿ ನಾವು ಕಡಿದು ತೆರೆದ ಜಾಗಕ್ಕೆ ಮಾತ್ರ ಗ್ಯಾರಂಟಿ, ಅದರ ಪಕ್ಕದ್ದಕ್ಕಿಲ್ಲ. ಕ್ಯೂರಿಂಗ್ ಯಾರು ಮಾಡಬೇಕು ಅನ್ನುವುದೂ ಚೀಟಿಯಲ್ಲಿ ಇರುತ್ತದೆ. ಪಾಲಿಮರ್ ಗಾರೆಗೆ ಒಂದೆರಡು ದಿನ ಒದ್ದೆ ಗೋಣಿ ಹೊದಿಸಿ ಆಮೇಲೆ ಒಣಗಲು ಬಿಟ್ಟರೆ ಸಾಕು. ಹೊಸದಾಗಿ ಕಾಂಕ್ರೀಟು ಹಾಕಿದ್ದರೆ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ನೀರು ಬೇಕು. ಬೆಳಿಗ್ಗೆ ಒಂದು ಸಲ ಪೈಪು ಹಿಡಿದರೆ ಆಯಿತು ಅನ್ನುವ ಹಾಗಿಲ್ಲ, ದಿನವಿಡೀ ಒದ್ದೆ ಇರಬೇಕು.

ಫೋಟೋ ಕಳಿಸುವುದನ್ನು ನಿಲ್ಲಿಸಬೇಡಿ. ಬಿರುಕಿನ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹತ್ತಿರದಿಂದ ಒಂದು, ಇಡೀ ಕೋಣೆ ಕಾಣುವ ಹಾಗೆ ಇನ್ನೊಂದು ತೆಗೆಯಿರಿ. ಮನೆ ಕಟ್ಟಿದ ವರ್ಷವನ್ನೂ ಬರೆಯಿರಿ. ಯಾರ ಮನೆಗೆ ಬೇಗ ಬರಬೇಕು ಅಂತ ಅದರಿಂದ ನಮಗೆ ತಿಳಿಯುತ್ತದೆ.

ಇಂತಿ ನಿಮ್ಮ,
ಕಾಂಕ್ರೀಟ್ ದುರಸ್ತಿ ತಂಡದ ಪರವಾಗಿ,
ಶಿವಮೊಗ್ಗ

ತಾ.ಕ.: ಹಬ್ಬಕ್ಕೋ ಮದುವೆಗೋ ಪೇಂಟ್ ಮಾಡಿಸಬೇಕು ಅಂದುಕೊಂಡವರು ಅದಕ್ಕೆ ಮೊದಲೇ ನಮ್ಮನ್ನು ಕರೆಯಿರಿ. ಪೇಂಟ್ ಆದ ಮೇಲೆ ಬಿರುಕಿನ ಅಂಚೂ ಕಾಣುವುದಿಲ್ಲ, ತುಕ್ಕಿನ ಕಲೆಯೂ ಕಾಣುವುದಿಲ್ಲ. ಅದನ್ನು ಕೆರೆದು ತೆಗೆಯುವ ಕೂಲಿ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.