ಪಾಸ್‌ಬುಕ್ ಯಾರ ಕೈಗೂ ಕೊಡಬೇಡ

ಚಿ. ಮಂಜುವಿಗೆ ಮಾಮಾನ ಆಶೀರ್ವಾದಗಳು.

ಮನೆಯ ಸುದ್ದಿ ನಿಮ್ಮವ್ವ ಹೇಳಿರುತ್ತಾಳೆ, ಬಿಡು. ರೂಮಿನ ಹುಡುಗನೊಬ್ಬ ತನ್ನ ಬ್ಯಾಂಕ್ ಅಕೌಂಟನ್ನು ಯಾರಿಗೋ ಬಾಡಿಗೆಗೆ ಕೊಟ್ಟು ಕೂತಲ್ಲೇ ದುಡ್ಡು ತಗೊಳ್ತಾನೆ, ಅದರಲ್ಲಿ ತಪ್ಪೇನು ಅಂತ ನನಗೂ ಅನ್ನಿಸ್ತಿದೆ ಅಂತ ಬರೆದಿದ್ದೀಯ. ಪತ್ರದಲ್ಲಿ ಉಳಿದದ್ದನ್ನು ಒಂದು ಸಲ ಓದಿದೆ. ಈ ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ.

ನಿನ್ನ ಸಿಟ್ಟು ಸುಳ್ಳಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಬರೆದಿರಿ. ದುಡ್ಡು ಕೊಟ್ಟವರ ಒಎಂಆರ್ ಶೀಟು, ಅಂದರೆ ಉತ್ತರ ಗುರುತು ಹಾಕುವ ಹಾಳೆ, ಆಮೇಲೆ ತಿದ್ದಿದರು. ಮುಂದಿನ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದು. ಮರುಪರೀಕ್ಷೆ ಆಗುವಾಗ 2024ರ ಜನವರಿ. ಧಾರವಾಡದ ಸಪ್ತಾಪುರದ ಖೋಲಿಯಲ್ಲಿ ಕೂತು ಓದಿದವನಿಗೆ ಆ ವರ್ಷಗಳನ್ನು ಯಾರು ವಾಪಸ್ ಕೊಡ್ತಾರೆ? ಅದಕ್ಕೇ, ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ ಅಂತ ನಾನು ಬರೆಯುವುದಿಲ್ಲ.

ಆದರೆ ಮುಂಬಯಿಯಲ್ಲಿ ಕಂಡದ್ದನ್ನು ಬರೆಯಲೇಬೇಕು. ಅಲ್ಲಿಯ ಲಾಲ್‌ಬಾಗಿನ ಬಟ್ಟೆ ಮಿಲ್ಲಿನಲ್ಲಿ ಆಗ ನಾನು ಬದಲಿ ಕೆಲಸಗಾರ. ಬೆಳಿಗ್ಗೆ ಮಿಲ್ಲಿನ ಭೋಂಗಾ, ಅಂದರೆ ಸೈರನ್, ಆಗುವ ಹೊತ್ತಿಗೆ ಗೇಟಿನ ಮುಂದೆ ನಿಲ್ಲಬೇಕು. ಕಾಯಂ ನೌಕರ ಯಾರಾದರೂ ಬರದಿದ್ದರೆ ಒಳಗೆ, ಇಲ್ಲದಿದ್ದರೆ ಡಬ್ಬಿ ಹಿಡಿದುಕೊಂಡು ವಾಪಸ್. 1982ರ ಜನವರಿ 18ಕ್ಕೆ ಕಾರ್ಮಿಕ ಮುಖಂಡ ದತ್ತಾ ಸಾಮಂತರ ಸಂಪು ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಹೊರಗೆ. ಆ ಸಂಪು ಮುಗಿಯಿತು ಅಂತ ಯಾರೂ ಸಾರಲೇ ಇಲ್ಲ. ಎಷ್ಟೋ ಮಿಲ್ಲುಗಳು ಕೊನೆಗೆ ಮುಚ್ಚಿದವು. ಫೀನಿಕ್ಸ್ ಮಿಲ್ಲಿನ ಜಾಗ ಈಗ ಮಾಲ್.

ನಾನಿದ್ದ ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ, ಪಕ್ಕದ ಖೋಲಿಯಲ್ಲಿ ಮಗ್ಗ ನಡೆಸುವವನ ಮಗ ಒಬ್ಬನಿದ್ದ. ಮೆಟ್ರಿಕ್ ಪಾಸು. ಅಪ್ಪನ ಜಾಗ ತನಗೆ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡಿದ್ದ, ಅಲ್ಲಿ ಹಾಗೇ ನಡೆಯುತ್ತಿತ್ತು. ಸಂಪಿನಿಂದ ಆ ಜಾಗವೇ ಇಲ್ಲವಾಯಿತು. ಮನೆಯ ಹಿತ್ತಾಳೆ ಪಾತ್ರೆ ಒಂದೊಂದೇ ಒತ್ತೆ ಅಂಗಡಿಗೆ ಹೋದವು. ಅವನೇನು ಗ್ಯಾಂಗ್ ಸೇರಬೇಕು ಅಂತ ಹೊರಟವನಲ್ಲ, ಮಂಜು. ಈ ಚೀಲ ಎರಡು ದಿನ ಇಟ್ಟುಕೋ ಅಂದರು, ಐವತ್ತು ರೂಪಾಯಿ ಕೊಟ್ಟರು. ಇಟ್ಟುಕೊಂಡ. ಒಳಗೇನಿದೆ ಅಂತ ಕೇಳಲಿಲ್ಲ. ಆ ಇಡೀ ವರ್ಷ 'ನಿನ್ನಿಂದ ಒಂದು ಕೆಲಸ ಆಗಬೇಕಿತ್ತು' ಅಂತ ಅವನ ಬಾಗಿಲಿಗೆ ಬಂದವರು ಅವರೊಬ್ಬರೇ. ಇದನ್ನು ಯಾವ ಪಂಚನಾಮೆಯಲ್ಲೂ ಬರೆಯುವುದಿಲ್ಲ.

ಅವನು ಸಿಕ್ಕಿಬಿದ್ದ ದಿನ ಚೀಲ ಕೊಟ್ಟವರು ಠಾಣೆಯ ಕಡೆ ಸುಳಿಯಲಿಲ್ಲ. ನನ್ನ ಹೆದರಿಕೆ ಇದೇ. ಈ ಅಕೌಂಟ್ ಬಾಡಿಗೆಯೂ ಅಂಥದ್ದೇ ಚೀಲ. ಯಾರೋ ಮುದುಕಿಯನ್ನು ಫೋನಿನಲ್ಲಿ ಹೆದರಿಸಿ ಕಿತ್ತ ಪಿಂಚಣಿ ದುಡ್ಡು ಆ ಖಾತೆಗೆ ಬಂದು, ನಿಮಿಷದಲ್ಲಿ ಮುಂದಕ್ಕೆ ಹೋಗುತ್ತದೆ. ದುಡ್ಡು ಯಾರಿಗೆ ಸೇರಿತೋ ಅವನು ಎಲ್ಲೋ ಆರಾಮಾಗಿರುತ್ತಾನೆ. ಪೊಲೀಸರಿಗೆ ಮೊದಲು ಸಿಗುವ ಹೆಸರು, ಆಧಾರ್, ಫೋಟೋ ಖಾತೆಯವನದು. ಪಿಎಸ್‌ಐ ಆಗಬೇಕು ಅಂತ ಓದಿದ ಹುಡುಗ ಪಿಎಸ್‌ಐ ಮುಂದೆ ಕೈಕಟ್ಟಿ ನಿಲ್ಲಬೇಕು. ಮೋಸದ ದಂಧೆಯಲ್ಲೂ ಬಡವರ ಮಗನಿಗೆ ಸಿಗುವುದು ಬದಲಿ ಕೆಲಸವೇ, ನೋಡು.

ಚಾಳಿನವರೆಲ್ಲ ಹಾಗಾದರು ಅಂತಲ್ಲ. ಜಾಸ್ತಿ ಜನ ತರಕಾರಿ ಗಾಡಿ ಹಾಕಿದರು, ವಾಚ್‌ಮನ್ ಆದರು, ಊರಿಗೆ ಹೋದರು. ನಾನೂ ಚಿಕ್ಕೋಡಿಗೆ ಬಂದೆ. ಬರಲು ಇಲ್ಲಿ ಎರಡೆಕರೆ ಹೊಲ ಇತ್ತು. ಅವನಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನನ್ನು ಪ್ರಾಮಾಣಿಕ ಅಂತ ಯಾರಾದರೂ ಹೊಗಳಿದರೆ ಇರುಸುಮುರುಸಾಗುತ್ತದೆ. ಜೊತೆಗೆ ಬಾ ಅಂತ ಅವನನ್ನು ಕರೆಯಬಹುದಿತ್ತೇನೋ. ಬಂದು ಇಲ್ಲಿ ಏನು ಮಾಡುತ್ತಿದ್ದ, ಅದೂ ಹೊಳೆಯುವುದಿಲ್ಲ.

ಹಾಗಾದರೆ ಏನು ಮಾಡಲಿ ಅಂತೀಯ. ನನ್ನ ಹತ್ತಿರ ದೊಡ್ಡ ಉಪಾಯ ಇಲ್ಲಪ್ಪ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರ ಕೈಗೂ ಕೊಡಬೇಡ. ಅಕಸ್ಮಾತ್ ಕೊಟ್ಟಾಗಿದೆ ಅಂದರೆ ಮುಚ್ಚಿಡಬೇಡ, ನಾನು ಬೈಯುವುದಿಲ್ಲ. ಇವತ್ತೇ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಆ ರೂಮಿನ ಹುಡುಗನಿಗೂ ಇಷ್ಟು ಹೇಳು. ಉಪದೇಶ ಬೇಡ, ಅವನ ಊಟದ ಖರ್ಚು ಹೇಗೆ ನಡೀತಿದೆ ಅಂತ ಮೊದಲು ಕೇಳು.

ನಿನ್ನ ಮೆಸ್ಸಿನ ಬಾಕಿ ಎಷ್ಟಿದೆ ಬರೆ. ಸೋಯಾಬೀನ್ ಮಾರಿದ ದುಡ್ಡು ಬಂದಿದೆ. ನಿಮ್ಮವ್ವನಿಗೆ ಹೇಳಬೇಕಾಗಿಲ್ಲ.

ನಿನ್ನ ಮಾಮಾ