ಕಪ್ಪು-ಬಿಳುಪು ಛಾಯಾಚಿತ್ರಗಳಿಗೆಂದು ಕೊಟ್ಟ ಪ್ರಿಂಟರನ್ನು ಹಿಂಪಡೆಯುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು, ಮಾರಾಟ ಮತ್ತು ಸೇವಾ ವಿಭಾಗ

ವಿಷಯ: ತಾವು ಸರಬರಾಜು ಮಾಡಿದ 24 ಇಂಚಿನ ಇಂಕ್‌ಜೆಟ್ ಪ್ರಿಂಟರ್ ಕೇಳಿದ ಕೆಲಸಕ್ಕೆ ಒದಗದಿರುವ ಬಗ್ಗೆ.

ಮಾನ್ಯರೇ,

ಮೈಸೂರಿನಲ್ಲಿ ಸ್ವಂತ ಸ್ಟುಡಿಯೋ ಇಟ್ಟುಕೊಂಡಿರುವ ನಾನು, ಕಪ್ಪು-ಬಿಳುಪು ಚಿತ್ರಗಳನ್ನು ಪ್ರದರ್ಶನಕ್ಕೆ ಒಪ್ಪುವಂತೆ ಮುದ್ರಿಸಿಕೊಡಲೆಂದೇ ಪ್ರಿಂಟರ್ ಬೇಕೆಂದೂ, ಹೆಚ್ಚಾಗಿ ಬಳಸುವುದು ಬರೈಟಾ ಎಂಬ ಹೊಳಪಿನ ಫೋಟೋ ಕಾಗದವೆಂದೂ ಖರೀದಿಗೆ ಮುನ್ನವೇ ತಮಗೆ ಇಮೇಲ್‌ನಲ್ಲಿ ತಿಳಿಸಿದ್ದೆ. ಅದನ್ನು ಓದಿದ ಮೇಲೂ ತಮ್ಮ ಮಾರಾಟ ಪ್ರತಿನಿಧಿಯವರು ಫೋಟೋ ಗುಣಮಟ್ಟದ್ದೆಂದು ಶಿಫಾರಸು ಮಾಡಿ ಕಳುಹಿಸಿದ್ದು ನಕ್ಷೆ ಮತ್ತು ಪೋಸ್ಟರ್‌ಗಳ ಕೆಲಸಕ್ಕೆ ತಯಾರಾದ ನಾಲ್ಕು ಇಂಕಿನ ಯಂತ್ರವನ್ನು.

ಇದರಲ್ಲಿರುವ ಕಪ್ಪು ಒಂದೇ, ಅದೂ ಹೊಳಪಿಲ್ಲದ (ಮ್ಯಾಟ್) ಕಾಗದಕ್ಕೆಂದಿರುವ ಮ್ಯಾಟ್ ಬ್ಲಾಕ್ ಪಿಗ್ಮೆಂಟ್, ಅಂದರೆ ಬಣ್ಣದ ಸೂಕ್ಷ್ಮ ಕಣಗಳಿರುವ ಇಂಕು; ಉಳಿದ ಸಯಾನ್, ಮಜೆಂಟಾ, ಹಳದಿ ಮೂರೂ ಡೈ, ಅಂದರೆ ಬಣ್ಣ ದ್ರವದಲ್ಲಿ ಕರಗಿರುವ ಇಂಕುಗಳು. ಮ್ಯಾಟ್ ಬ್ಲಾಕ್ ಹೊಳಪಿನ ಕಾಗದಕ್ಕೆ ಹಿಡಿಯದೆ ಬೆರಳು ತಾಗಿದರೆ ಅಳಿಸಿ ಬರುತ್ತದೆ. ಆದ್ದರಿಂದ ಬರೈಟಾ ಆಯ್ಕೆ ಮಾಡಿದ ಕೂಡಲೇ ಈ ಯಂತ್ರದ ಡ್ರೈವರ್ ತಂತ್ರಾಂಶ ಕಪ್ಪನ್ನೇ ಕೈಬಿಟ್ಟು, ಮೂರು ಬಣ್ಣಗಳನ್ನು ಬೆರೆಸಿ ಅದನ್ನೇ ಕಪ್ಪೆಂದು ಕೊಡುತ್ತದೆ. ಲಗತ್ತಿಸಿರುವ, ಬಿಳಿಯಿಂದ ಕಪ್ಪಿನವರೆಗಿನ 21 ಹಂತಗಳ ಗ್ರೇ ಪಟ್ಟಿಯನ್ನು ದಯವಿಟ್ಟು ಕಿಟಕಿಯ ಬಳಿ ಒಮ್ಮೆ, ಹಳದಿ ಬಲ್ಬಿನ ಕೆಳಗೆ ಒಮ್ಮೆ ಹಿಡಿದು ನೋಡಿ: ಒಂದೆಡೆ ಹಸಿರು ಛಾಯೆ, ಇನ್ನೊಂದೆಡೆ ಕೆಂಪು. ಕೊನೆಯ ಮೂರು ಹಂತಗಳು ಬೇರೆ ಬೇರೆ ಎಂದು ಹೇಳುವುದೇ ಕಷ್ಟ. ಮ್ಯಾಟ್ ಕಾಗದದಲ್ಲಿ ಕಪ್ಪು ಇಂಕೊಂದನ್ನೇ ಬಳಸಿ ಮುದ್ರಿಸಿದರೆ ಬಣ್ಣದ ಛಾಯೆಯೇನೋ ಹೋಗುತ್ತದೆ, ಆದರೆ ತೆಳು ಬೂದು ಇಂಕು ಇಲ್ಲದ ಕಾರಣ ಕಪ್ಪು ಚುಕ್ಕಿಗಳನ್ನು ವಿರಳವಾಗಿ ಹರಡಿಯೇ ತಿಳಿಬೂದನ್ನು ತೋರಿಸಬೇಕಾಗುತ್ತದೆ; ಚಿತ್ರದಲ್ಲಿರುವ ಅಜ್ಜಿಯ ಕೆನ್ನೆಯ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಣುತ್ತಿದೆ.

ತಮ್ಮ ಸರ್ವಿಸ್ ಇಂಜಿನಿಯರ್ ಬಂದು ಹೆಡ್ ಕ್ಲೀನಿಂಗ್ ಮಾಡಿ, ಹೊಸ ಪ್ರೊಫೈಲ್ (ಮುದ್ರಣದ ಬಣ್ಣಗಳನ್ನು ಹೊಂದಿಸುವ ಕಡತ) ಹಾಕಿದರೆ ಸರಿಹೋಗುತ್ತದೆ ಎಂದು ಹೇಳಿ ಹೋದರು. ಐಸಿಸಿ ಪ್ರೊಫೈಲ್ ಎನ್ನುವ ಈ ಕಡತ ಸಾಮಾನ್ಯವಾಗಿ ಡಿ50 ಎಂಬ ಒಂದು ನಿರ್ದಿಷ್ಟ ಬೆಳಕನ್ನು ಆಧಾರವಾಗಿಟ್ಟುಕೊಂಡು ತಯಾರಾಗುವಂಥದ್ದು. ಗ್ಯಾಲರಿಯ ದೀಪಕ್ಕೂ ಮನೆಯ ದೀಪಕ್ಕೂ ಬಣ್ಣ ಬದಲಿಸುವ ಬೂದನ್ನು ಅದು ಹಿಡಿದು ನಿಲ್ಲಿಸಲಾರದು, ಇಲ್ಲದ ಇಂಕನ್ನು ತಂದುಕೊಡಲೂ ಆರದು. ಇದರ ಮೇಲೆ, ಡೈ ಇಂಕುಗಳು ಕಾಲಕ್ರಮೇಣ ಒಂದೇ ಸಮನಾಗಿ ಮಾಸುವುದಿಲ್ಲವಾದ್ದರಿಂದ, ಇಂದು ಹೇಗೋ ಒಪ್ಪಬಹುದೆನಿಸುವ ಮುದ್ರಣವನ್ನೂ ನಾನು ಗ್ರಾಹಕರಿಗೆ ಧೈರ್ಯವಾಗಿ ಕೊಡುವಂತಿಲ್ಲ. ಷೋರೂಮಿನಲ್ಲಿ ತೋರಿಸಿದ ಮಾದರಿ ಹೂವಿನ ತೋಟದ್ದು. ಅಷ್ಟೊಂದು ಬಣ್ಣದ ನಡುವೆ ಇಂಥ ದೋಷ ಯಾರ ಕಣ್ಣಿಗೆ ಬಿದ್ದೀತು?

ಈ ಕೆಲಸಕ್ಕೆ ಸರಿಯಾದ ಯಂತ್ರಗಳು ಇಲ್ಲವೆಂದೇನೂ ಅಲ್ಲ. ಅದೇ 24 ಇಂಚಿನ ಕ್ಯಾನನ್ ಪ್ರೋ-2000ರ 12 ಇಂಕುಗಳಲ್ಲಿ ಮ್ಯಾಟ್ ಬ್ಲಾಕ್, ಹೊಳಪಿನ ಕಾಗದಕ್ಕೆ ಹಿಡಿಯುವ ಫೋಟೋ ಬ್ಲಾಕ್, ಗ್ರೇ, ಫೋಟೋ ಗ್ರೇ ಎಂಬ ನಾಲ್ಕಿವೆ. ಎಪ್ಸನ್ ಪಿ6000ರಲ್ಲಿಯೂ ಎರಡು ಕಪ್ಪುಗಳ ಜೊತೆಗೆ ಎರಡು ಹಂತದ ತೆಳು ಕಪ್ಪುಗಳಿವೆ. ಕಪ್ಪು-ಬಿಳುಪು ಎಂದು ಕೇಳಿದವರಿಗೆ ಮೊದಲು ಹೇಳಬೇಕಾದ ಮಾತು ಇದೇ ಹೊರತು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) ಲೆಕ್ಕವಲ್ಲ.

ಆದ್ದರಿಂದ ಈ ಯಂತ್ರವನ್ನು ಹಿಂಪಡೆದು ಪೂರ್ಣ ಹಣ ಮರಳಿಸಬೇಕು. ಇಲ್ಲವೇ ಎರಡು ಕಪ್ಪು ಮತ್ತು ಕನಿಷ್ಠ ಎರಡು ಬೂದು ಪಿಗ್ಮೆಂಟ್ ಇಂಕುಗಳಿರುವ ಯಂತ್ರವನ್ನು ಕೊಡಬೇಕು. ಬೆಲೆಯ ವ್ಯತ್ಯಾಸವನ್ನು ನಾನು ಭರಿಸುತ್ತೇನೆ, ಆದರೆ ಒಪ್ಪಿಕೊಳ್ಳುವ ಮುನ್ನ ನನ್ನ ಫೈಲನ್ನು ನನ್ನ ಕಾಗದದ ಮೇಲೆಯೇ ಮುದ್ರಿಸಿ ತೋರಿಸತಕ್ಕದ್ದು. ಪರೀಕ್ಷೆಗಳಲ್ಲಿ ಹಾಳಾದ ಬರೈಟಾ ರೋಲಿನ ಬೆಲೆಯನ್ನೂ ಸೇರಿಸಿಕೊಡಬೇಕು.

ವಾಣಿಜ್ಯ ಖರೀದಿಯಾದ್ದರಿಂದ ಹಿಂಪಡೆಯಲಾಗದು ಎಂದು ತಮ್ಮ ಕಚೇರಿಯಿಂದ ಫೋನಿನಲ್ಲಿ ಹೇಳಲಾಯಿತು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ತಾನು ಕೊಂಡು ಬಳಸುವ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸುವುದಿಲ್ಲ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಇಮೇಲ್‌ಗಳ ಮತ್ತು ಬಿಲ್ಲಿನ ಪ್ರತಿಗಳು, ಗ್ರೇ ಪಟ್ಟಿ ಹಾಗೂ ಎರಡು ಮುದ್ರಣಗಳನ್ನು ಲಗತ್ತಿಸಿದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)