ಮರ್ಮೊಲಾಡಾ ಡೋಲಮೈಟ್ ಅಲ್ಲ, ಸುಣ್ಣಕಲ್ಲು

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಇಟಲಿ ಪ್ರವಾಸದ ಲೇಖನ ಸೊಗಸಾಗಿತ್ತು. ಆದರೆ ಡೋಲಮೈಟ್ ಪರ್ವತಸಾಲಿನ ಅತ್ಯುನ್ನತ ಶಿಖರವಾದ ಮರ್ಮೊಲಾಡಾವನ್ನು ಅದರಲ್ಲಿ 'ಡೋಲಮೈಟ್ ಶಿಲೆಯ ಪರ್ವತ' ಎಂದೂ, ಅಲ್ಲಿನ ಹಿಮನದಿಯನ್ನು 'ಎಂದೂ ಕರಗದ ಹಿಮ' ಎಂದೂ ಬಣ್ಣಿಸಿರುವುದು ಸರಿಯಲ್ಲ.

3,343 ಮೀಟರ್ ಎತ್ತರದ ಈ ಪರ್ವತ ಬಹುಪಾಲು ಸುಣ್ಣಕಲ್ಲಿನದು. ಸುಮಾರು 24 ಕೋಟಿ ವರ್ಷಗಳ ಹಿಂದೆ ಬೆಚ್ಚಗಿನ, ಆಳವಿಲ್ಲದ ಕಡಲಿನಲ್ಲಿ ಪಾಚಿ, ಸ್ಪಂಜು ಮೊದಲಾದ ಜೀವಿಗಳು ಕಟ್ಟಿದ ದಿಬ್ಬವೇ ಕಲ್ಲಾಗಿ, ಬಹುಕಾಲದ ನಂತರ ಆಲ್ಪ್ಸ್ ಮೇಲೆದ್ದಾಗ ಅದರೊಡನೆ ತಾನೂ ಏರಿತು. ನೆರೆಯ ಎಷ್ಟೋ ಬೆಟ್ಟಗಳಲ್ಲಿ ಕಲ್ಲಿನೊಳಗಿನ ಕ್ಯಾಲ್ಸಿಯಂನ ಒಂದು ಪಾಲಿನ ಜಾಗಕ್ಕೆ ಮೆಗ್ನೀಸಿಯಂ ಬಂದು ಕೂತು ಅದು ಡೋಲಮೈಟ್ ಆಯಿತು. ಮರ್ಮೊಲಾಡಾದಲ್ಲಿ ಹೆಚ್ಚಾಗಿ ಹಾಗಾಗಲಿಲ್ಲ. ಇಡೀ ಸಾಲಿಗೇ ಆ ಹೆಸರಿರುವುದರಿಂದ ಲೇಖಕರು ಎಡವಿದ್ದು ಸಹಜ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ: ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ಸುಣ್ಣಕಲ್ಲು ಚುರ್ರೆಂದು ನೊರೆಯುಕ್ಕಿಸುತ್ತದೆ, ಡೋಲಮೈಟ್ ಪುಡಿ ಮಾಡದ ಹೊರತು ಹೆಚ್ಚುಕಡಿಮೆ ಸುಮ್ಮನಿರುತ್ತದೆ. (ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ, ಮನೆಯ ಹಾಸಿನ ಮೇಲೆ ನಿಂಬೆರಸ ಚೆಲ್ಲಿದರೆ ಮಾಸಿದ ಕಲೆ ಉಳಿಯುವುದು ಅದಕ್ಕೇ.)

ದಕ್ಷಿಣಕ್ಕೆ ಗೋಡೆಯಂತೆ ಕಡಿದಾಗಿ ಇಳಿಯುವ ಪರ್ವತ ಉತ್ತರಕ್ಕೆ ಇಳಿಜಾರಾಗಿ ಚಾಚಿದೆ. ಬಿಸಿಲು ಕಡಿಮೆ ಬೀಳುವ ಆ ಮಗ್ಗುಲಲ್ಲೇ ಹಿಮನದಿ ನೆಲೆಸಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅದು ಎಷ್ಟು ದಪ್ಪವಾಗಿತ್ತೆಂದರೆ, ಆಸ್ಟ್ರಿಯಾದ ಸೈನಿಕರು ಅದರೊಳಗೆ ಸುಮಾರು 12 ಕಿ.ಮೀ. ಸುರಂಗ ಕೊರೆದು, ಮಲಗುವ ಕೋಣೆ, ಉಗ್ರಾಣಗಳೆಲ್ಲ ಇರುವ ಊರನ್ನೇ ಮಾಡಿಕೊಂಡಿದ್ದರು. ಆ ಸುರಂಗಗಳನ್ನು ಹೊತ್ತಿದ್ದ ಮಂಜುಗಡ್ಡೆಯ ಬಹುಭಾಗ ಈಗ ಇಲ್ಲ. 2022ರ ಜುಲೈ 3ರಂದು ಹಿಮನದಿಯ ಒಂದು ಭಾಗ ಕಳಚಿ ಉರುಳಿ, 11 ಮಂದಿ ಚಾರಣಿಗರು ಪ್ರಾಣ ಕಳೆದುಕೊಂಡರು. ಅದರ ಹಿಂದಿನ ದಿನ ಶಿಖರದಲ್ಲಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕರಗಿದ ನೀರು ಬಿರುಕಿನಲ್ಲಿ ತುಂಬಿಕೊಂಡು ಗಡ್ಡೆಯನ್ನು ಒಳಗಿನಿಂದ ಒತ್ತಿತ್ತು.

ಲೇಖನ ಓದಿ ಬೇಸಿಗೆಯಲ್ಲಿ ಅಲ್ಲಿಗೆ ಹೊರಡುವ ಓದುಗರೂ ಇರಬಹುದಾದ್ದರಿಂದ, ಶಿಲೆಯ ವಿಷಯಕ್ಕಿಂತ ಮೊದಲು ಹಿಮದ ಕುರಿತ ಮಾತನ್ನು ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಭೂವಿಜ್ಞಾನ ಉಪನ್ಯಾಸಕ, ಕಲಬುರಗಿ